ಗೋದಾಮಿನಲ್ಲಿ ಜೋಳ, ಬೇಲಿಯಾಚೆ ಹಸಿವು: ಸುಡಾನ್ ಬಗ್ಗೆ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನ್ನ ಮಗಳ ಜೊತೆ ಓದಿದ ಸುಡಾನಿನ ಹುಡುಗಿಯೊಬ್ಬಳು ನಮ್ಮ ಮನೆಗೆ ಬಂದುಹೋಗಿ ಮಾಡುತ್ತಾಳೆ. ಅವಳ ಸೋದರತ್ತೆ ಎಲ್ ಫಾಶರ್ ಎಂಬ ಊರಿನಲ್ಲಿದ್ದರು. 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ಅಂತರ್ಯುದ್ಧದಲ್ಲಿ ಆ ಊರು ಬಿದ್ದ ಮೇಲೆ ಅವರಿಂದ ಒಂದು ಫೋನೂ ಇಲ್ಲ. 2023ರಲ್ಲಿ ನಮ್ಮ ಹಕ್ಕಿಪಿಕ್ಕಿ ಜನ ಇದೇ ಊರಿನಲ್ಲಿ ಸಿಕ್ಕಿಬಿದ್ದಾಗ ದಿನವೂ ಸುದ್ದಿ ಬರುತ್ತಿತ್ತು, ಅವರು ವಾಪಸಾದ ಮೇಲೆ ಸುದ್ದಿಯೇ ನಿಂತುಹೋಯಿತು. ಲಕ್ಷಾಂತರ ಜನ ಹಸಿದಿರುವಾಗ ಜಗತ್ತು ಹೀಗೆ ಸುಮ್ಮನೆ ಕೂತಿರುವುದು ಹೇಗೆ? ವಿಶ್ವಸಂಸ್ಥೆ ಸೈನ್ಯ ಕಳಿಸಬಾರದೇ? ನಾವು ಕಳಿಸುವ ಕಾಳುಕಡಿ ಬಂದೂಕು ಹಿಡಿದವರ ಹೊಟ್ಟೆಗೇ ಹೋಗುತ್ತದೆ, ಯುದ್ಧ ಇನ್ನಷ್ಟು ಎಳೆಯುತ್ತದೆ ಎಂದು ನನ್ನ ತಮ್ಮ ವಾದ ಮಾಡುತ್ತಾನೆ. ಅದು ನಿಜವೇ? ನಾನು 50,000 ರೂಪಾಯಿ ಎತ್ತಿಟ್ಟಿದ್ದೇನೆ, ಎಲ್ಲಿಗೆ ಕೊಟ್ಟರೆ ಪ್ರಯೋಜನ? ಆ ಹುಡುಗಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಬಾಯಿಬಿಟ್ಟು ಕೇಳದ ಪ್ರಶ್ನೆಯೊಂದು ಅದರಲ್ಲಿದೆ, ಅತ್ತೆಯನ್ನು ಹುಡುಕುವ ದಾರಿ ಯಾವುದಾದರೂ ಇದೆಯೇ ಎಂಬುದು. ಇದೆ. ಕೊನೆಯಲ್ಲಿ ಅದನ್ನು ವಿವರವಾಗಿ ಹೇಳುತ್ತೇನೆ. ನಾನು ಬಹಳ ವರ್ಷ ಪರಿಹಾರ ಸಾಮಗ್ರಿ ಸಾಗಿಸುವ ಕೆಲಸ ಮಾಡಿದವನು. ರಾಜತಾಂತ್ರಿಕರ ಹೇಳಿಕೆಗಳಿಗಿಂತ ಲಾರಿ, ಡೀಸೆಲ್, ಮುದ್ರೆ ಬಿದ್ದ ಕಾಗದ ನನಗೆ ಹೆಚ್ಚು ಪರಿಚಯ. ಹಾಗಾಗಿ ಉತ್ತರವೂ ಆ ಕಡೆಯಿಂದಲೇ ಬರುತ್ತದೆ.

ಜಗತ್ತು ಸುಮ್ಮನೆ ಕೂತಿದೆ ಎಂದಿದ್ದೀರಿ. ಈ ಮಾತನ್ನು ತುಂಬಾ ಜನ ಹೇಳುತ್ತಾರೆ, ನೋವಿನಿಂದಲೇ ಹೇಳುತ್ತಾರೆ. ಆದರೆ ಹೊರಗಿನವರು ನಿಜಕ್ಕೂ ಕೈಕಟ್ಟಿ ಕೂತಿದ್ದರೆ ಈ ಯುದ್ಧ ಇಷ್ಟು ವರ್ಷ ನಡೆಯುತ್ತಲೇ ಇರಲಿಲ್ಲ. ಸುಡಾನಿನಲ್ಲಿ ಡ್ರೋನ್ ತಯಾರಿಸುವ ದೊಡ್ಡ ಕಾರ್ಖಾನೆಗಳಿಲ್ಲ, ಆದರೆ ಆಕಾಶದ ತುಂಬ ಡ್ರೋನ್‌ಗಳಿವೆ. ಬಂದೂಕಿಗೆ ಗುಂಡು, ಜೀಪಿಗೆ ಇಂಧನ, ಹೋರಾಡುವವನಿಗೆ ಸಂಬಳ ಇವುಗಳಲ್ಲಿ ಬಹುಪಾಲು ಗಡಿಯಾಚೆಯಿಂದ ಬರುತ್ತದೆ. ಇವುಗಳ ಬೆಲೆಯಾಗಿ ಸುಡಾನಿನ ಚಿನ್ನ ಹೊರಗೆ ಹೋಗುತ್ತದೆ. ಸಹಾಯ ಮಾಡುವ ಕೈ ಮತ್ತು ಆಯುಧ ಕೊಡುವ ಕೈ ಒಮ್ಮೊಮ್ಮೆ ಒಂದೇ ದೇಶದ್ದಾಗಿರುತ್ತದೆ. ಪರಿಹಾರ ಯಾಕೆ ಸೋಲುತ್ತಿದೆ ಎಂದು ತಿಳಿಯಬೇಕಾದರೆ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದೆ ಓದಬೇಕು.

ಜಗಳ ಶುರುವಾದದ್ದು ಇಬ್ಬರು ಜನರಲ್‌ಗಳ ನಡುವೆ. ಒಬ್ಬರು ಸೇನೆಯ ಮುಖ್ಯಸ್ಥ ಅಬ್ದೆಲ್ ಫತ್ತಾಹ್ ಅಲ್ ಬುರ್ಹಾನ್. ಇನ್ನೊಬ್ಬರು ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಯ ಮುಖ್ಯಸ್ಥ ಮೊಹಮದ್ ಹಮ್ದಾನ್ ದಗಾಲೊ. ಜನ ಅವರನ್ನು ಹೆಮೆದ್ತಿ ಎನ್ನುತ್ತಾರೆ. 2003ರ ನಂತರ, ಎಲ್ ಫಾಶರ್ ಇರುವ ಪಶ್ಚಿಮದ ಡಾರ್ಫರ್ ಪ್ರಾಂತ್ಯದಲ್ಲಿ ಹಳ್ಳಿಗಳನ್ನು ಸುಟ್ಟ ಜಂಜಾವೀದ್ ಎಂಬ ಸಶಸ್ತ್ರ ಗುಂಪುಗಳಿಂದಲೇ 2013ರಲ್ಲಿ ಆರ್‌ಎಸ್‌ಎಫ್ ಹುಟ್ಟಿತು. 2019ರ ಏಪ್ರಿಲ್‌ನಲ್ಲಿ ಜನಚಳವಳಿಯ ಒತ್ತಡಕ್ಕೆ ಅಧ್ಯಕ್ಷ ಒಮರ್ ಅಲ್ ಬಶೀರ್ ಅಧಿಕಾರ ಕಳೆದುಕೊಂಡಾಗ ಈ ಇಬ್ಬರೂ ಒಂದೇ ಪಕ್ಕದಲ್ಲಿದ್ದರು. 2021ರ ಅಕ್ಟೋಬರ್‌ನಲ್ಲಿ ನಾಗರಿಕ ಸರ್ಕಾರವನ್ನು ಉರುಳಿಸಿದ್ದೂ ಜೊತೆಯಾಗಿಯೇ. ಆಮೇಲೆ ಆರ್‌ಎಸ್‌ಎಫ್ ಅನ್ನು ಸೇನೆಯೊಳಗೆ ಸೇರಿಸಬೇಕೆಂಬ ಮಾತು ಬಂತು. ಸೇನೆ ಎರಡು ವರ್ಷದಲ್ಲಿ ಆಗಬೇಕು ಎಂದಿತು, ಹೆಮೆದ್ತಿ ಹತ್ತು ವರ್ಷ ಬೇಕು ಎಂದರು. 2023ರ ಏಪ್ರಿಲ್ 15ರಂದು ರಾಜಧಾನಿ ಖಾರ್ಟೂಮ್‌ನಲ್ಲಿ ಗುಂಡು ಹಾರಿತು. ಅರಬರು ಮತ್ತು ಆಫ್ರಿಕನ್ನರ ನಡುವಿನ ಹಳೆಯ ದ್ವೇಷವೇ ಕಾರಣ ಎಂದು ಕೆಲವರು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಡಾರ್ಫರ್‌ನಲ್ಲಿ ಜನಾಂಗದ ಹೆಸರಿನಲ್ಲಿ ಕೊಂದದ್ದು ನಿಜ. ಎಲ್ ಜೆನೀನಾ ಎಂಬ ಒಂದೇ ಪಟ್ಟಣದಲ್ಲಿ 2023ರಲ್ಲಿ 10,000ದಿಂದ 15,000 ಜನ ಸತ್ತಿರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿಯ ವರದಿ ಹೇಳಿದೆ. ಅವರಲ್ಲಿ ಹೆಚ್ಚಿನವರು ಅರಬರಲ್ಲದ ಮಸಾಲಿತ್ ಜನ. ಆದರೆ ಯುದ್ಧ ಹೊತ್ತಿಕೊಂಡದ್ದು ಅಧಿಕಾರ ಮತ್ತು ಆಸ್ತಿಗಾಗಿ. ಹಳೆಯ ದ್ವೇಷ ಅದಕ್ಕೆ ಒಣಸೌದೆಯಾಯಿತು.

ಹೊರಗಿನವರಲ್ಲಿ ಯಾರು ಯಾರ ಕಡೆ? ಈಜಿಪ್ಟ್ ಮೊದಲಿನಿಂದಲೂ ಸೇನೆಯ ಪರ. ಇರಾನಿನ ಡ್ರೋನ್‌ಗಳು ಸೇನೆಯ ಕೈಯಲ್ಲಿ ಕಂಡವು. ಆರ್‌ಎಸ್‌ಎಫ್‌ಗೆ ಆಯುಧ ಒದಗಿಸುತ್ತಿದೆ ಎಂಬ ಆರೋಪ ಸಂಯುಕ್ತ ಅರಬ್ ಎಮಿರೇಟ್ಸ್, ಅಂದರೆ ಯುಎಇ ಮೇಲಿದೆ. ನೆರೆಯ ಚಾಡ್ ದೇಶದ ಅಮ್‌ಜರಾಸ್ ವಿಮಾನ ನಿಲ್ದಾಣದ ಮೂಲಕ ಆಯುಧ ಹೋಗುತ್ತಿದೆ ಎಂಬ ಮಾಹಿತಿ ನಂಬುವಂತಿದೆ ಎಂದು ವಿಶ್ವಸಂಸ್ಥೆಯ ಅದೇ ತಜ್ಞರು 2024ರ ಆರಂಭದಲ್ಲಿ ಬರೆದರು. ಯುಎಇ ಇದನ್ನು ಉದ್ದಕ್ಕೂ ಅಲ್ಲಗಳೆದಿದೆ. ಬಾಡಿಗೆ ಸೈನಿಕರ ರಷ್ಯಾದ ವ್ಯಾಗ್ನರ್ ಗುಂಪಿಗೆ ಮೊದಲು ಹೆಮೆದ್ತಿಯ ಜೊತೆ ನಂಟಿತ್ತು, ಆಮೇಲೆ ರಷ್ಯಾ ಸರ್ಕಾರ ಸೇನೆಯತ್ತ ವಾಲಿತು. ಇವರಲ್ಲಿ ಹಲವರು ಪರಿಹಾರಕ್ಕೂ ಹಣ ಕೊಡುತ್ತಾರೆ, ಶಾಂತಿ ಮಾತುಕತೆಯ ಮೇಜಿನಲ್ಲೂ ಕೂರುತ್ತಾರೆ. 2025ರ ಏಪ್ರಿಲ್ 15ರಂದು ಲಂಡನ್ನಿನಲ್ಲಿ ಸುಡಾನ್‌ಗಾಗಿ ದೊಡ್ಡ ಸಮ್ಮೇಳನ ನಡೆಯಿತು. ಹಣದ ಭರವಸೆಗಳು ಬಂದವು. ಆದರೆ ಅರಬ್ ದೇಶಗಳ ನಡುವೆ ಒಮ್ಮತವಾಗದೆ ಎಲ್ಲರೂ ಸಹಿ ಹಾಕುವಂಥ ಒಂದು ಹೇಳಿಕೆಯೂ ಹೊರಬರಲಿಲ್ಲ.

ಈಗ ಸೈನ್ಯದ ಪ್ರಶ್ನೆ. ವಿಶ್ವಸಂಸ್ಥೆಗೆ ತನ್ನದೇ ಸೈನ್ಯ ಇಲ್ಲ. ಭದ್ರತಾ ಮಂಡಳಿ ಒಪ್ಪಬೇಕು, ಐದು ಕಾಯಂ ಸದಸ್ಯರಲ್ಲಿ ಯಾರೂ ವಿಟೊ ಹಾಕಿ ತಡೆಯಬಾರದು, ಆಮೇಲೆ ಯಾವುದಾದರೂ ದೇಶಗಳು ತಮ್ಮ ಸೈನಿಕರನ್ನು ಕಳಿಸಲು ಮುಂದೆ ಬರಬೇಕು. ಡಾರ್ಫರ್‌ನಲ್ಲಿ ಇದು ಒಮ್ಮೆ ಆಗಿತ್ತು. 2007ರಲ್ಲಿ ಆಫ್ರಿಕನ್ ಒಕ್ಕೂಟ ಮತ್ತು ವಿಶ್ವಸಂಸ್ಥೆ ಸೇರಿ ಸುಮಾರು 26,000 ಸೈನಿಕರು ಮತ್ತು ಪೊಲೀಸರ ಪಡೆಗೆ ಮಂಜೂರಾತಿ ಪಡೆದವು. ಅದು 2020ರ ಡಿಸೆಂಬರ್ 31ರಂದು ಮುಗಿಯಿತು. ಉಳಿದಿದ್ದ ರಾಜಕೀಯ ನೆರವಿನ ಸಣ್ಣ ಕಚೇರಿಯನ್ನೂ ಸುಡಾನ್ ಸರ್ಕಾರವೇ ಬೇಡವೆಂದದ್ದರಿಂದ ಯುದ್ಧದ ನಡುವೆಯೇ, 2023ರ ಡಿಸೆಂಬರ್‌ನಲ್ಲಿ, ಮುಚ್ಚಲು ತೀರ್ಮಾನವಾಯಿತು. 2024ರ ನವೆಂಬರ್ 18ರಂದು ಬ್ರಿಟನ್ ಮತ್ತು ಸಿಯೆರಾ ಲಿಯೋನ್ ಕದನ ನಿಲ್ಲಿಸಿ, ಜನರನ್ನು ಕಾಪಾಡಿ ಎಂಬ ಠರಾವು ತಂದವು. ಹದಿನಾಲ್ಕು ದೇಶಗಳು ಕೈ ಎತ್ತಿದವು, ರಷ್ಯಾ ವಿಟೊ ಹಾಕಿತು. ಅದರಲ್ಲಿ ಸೈನ್ಯ ಕಳಿಸುವ ಮಾತೇ ಇರಲಿಲ್ಲ ಎಂಬುದನ್ನು ಗಮನಿಸಿ.

ವಿಟೊ ಇಲ್ಲದಿದ್ದರೂ ಇನ್ನೊಂದು ತೊಡಕಿದೆ, ಅದನ್ನು ನಿಮ್ಮಿಂದ ಮುಚ್ಚಿಡಲಾರೆ. ಶಾಂತಿಪಾಲನಾ ಪಡೆ ಒಂದಿಷ್ಟಾದರೂ ಶಾಂತಿ ಇರುವ ಕಡೆ ಕೆಲಸ ಮಾಡುವಂತೆ ಕಟ್ಟಿದ ಪಡೆ. ಎರಡು ಕಡೆಯವರೂ ಗೆದ್ದೇ ತೀರುತ್ತೇವೆ ಎಂದು ಹೊರಟಿರುವಾಗ ಮಧ್ಯೆ ಹೋಗಿ ನಿಂತರೆ ಅದು ಮೂರನೇ ಪಕ್ಷವಾಗುತ್ತದೆ, ಇಲ್ಲವೇ ಒತ್ತೆಯಾಳಾಗುತ್ತದೆ. 1993ರಲ್ಲಿ ಬೋಸ್ನಿಯಾದ ಸ್ರೆಬ್ರೆನಿತ್ಸಾವನ್ನು ಭದ್ರತಾ ಮಂಡಳಿಯೇ ಸುರಕ್ಷಿತ ಪ್ರದೇಶ ಎಂದು ಸಾರಿತು. ಅಲ್ಲಿದ್ದ ಡಚ್ ಸೈನಿಕರ ಸಂಖ್ಯೆ ಕಡಿಮೆ, ಆಯುಧ ಕಡಿಮೆ, ಹೋರಾಡುವ ಅಪ್ಪಣೆ ಇನ್ನೂ ಕಡಿಮೆ. 1995ರ ಜುಲೈನಲ್ಲಿ ಸುಮಾರು 8,000 ಗಂಡಸರು ಮತ್ತು ಹುಡುಗರನ್ನು ಕೊಂದರು. ಆ ಭರವಸೆಯನ್ನು ನಂಬಿಯೇ ಜನ ಅಲ್ಲಿ ಉಳಿದಿದ್ದರು. ಸಾಕಷ್ಟು ಬಲ ಕೊಡದೆ ಸುರಕ್ಷಿತ ವಲಯ ಎಂದು ಬೋರ್ಡು ಹಾಕುವುದಕ್ಕಿಂತ ಹಾಕದಿರುವುದೇ ವಾಸಿ ಎಂಬ ಅಭಿಪ್ರಾಯಕ್ಕೆ ನಾನು ಬಂದಿದ್ದೇನೆ. ನನ್ನ ವೃತ್ತಿಯ ಎಲ್ಲರೂ ಇದನ್ನು ಒಪ್ಪುವುದಿಲ್ಲ.

ಇನ್ನು ನನ್ನ ಕೆಲಸಕ್ಕೆ ಹತ್ತಿರದ ವಿಷಯ. ಬರಗಾಲ ಎಂದೊಡನೆ ಮಳೆ ಹೋಯಿತು, ಬೆಳೆ ಹೋಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಸುಡಾನಿನದು ಆ ಬಗೆಯದಲ್ಲ. ಅಲ್ಲಿ ನೀಲಿ ನೈಲ್ ನದಿಯ ನೀರುಣ್ಣುವ ಗೆಜಿರಾ ಎಂಬ ಬಯಲಿದೆ, ಅದು ದೇಶದ ಕಣಜ. 2023ರ ಡಿಸೆಂಬರ್‌ನಲ್ಲಿ ಆರ್‌ಎಸ್‌ಎಫ್ ಅಲ್ಲಿಗೆ ನುಗ್ಗಿದಾಗ ರೈತರು ಹೊಲ ಬಿಟ್ಟು ಓಡಿದರು, ಬೀಜ ಮತ್ತು ಟ್ರ್ಯಾಕ್ಟರ್ ಲೂಟಿಯಾದವು. ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದ ಗೋದಾಮಿನಿಂದ ಸುಮಾರು 15 ಲಕ್ಷ ಜನರಿಗೆ ಒಂದು ತಿಂಗಳಿಗೆ ಆಗುವಷ್ಟು ಆಹಾರ ಲೂಟಿ ಹೋಯಿತು. ಇದು ಮನುಷ್ಯರು ಮಾಡಿದ ಕ್ಷಾಮ.

ಕ್ಷಾಮ ಎಂಬ ಪದವನ್ನು ನಾವು ಬಾಯಿಗೆ ಬಂದಂತೆ ಬಳಸುವುದಿಲ್ಲ. ನೂರರಲ್ಲಿ ಕನಿಷ್ಠ 20 ಮನೆಗಳಿಗೆ ತಿನ್ನಲು ಏನೂ ಇಲ್ಲದಂಥ ಸ್ಥಿತಿ, ನೂರು ಮಕ್ಕಳಲ್ಲಿ 30 ಮಕ್ಕಳಿಗೆ ತೀವ್ರ ಅಪೌಷ್ಟಿಕತೆ, ದಿನಕ್ಕೆ 10,000 ಜನರಲ್ಲಿ ಇಬ್ಬರು ಹಸಿವಿನಿಂದ ಅಥವಾ ಹಸಿವಿನ ಜೊತೆ ಬರುವ ರೋಗದಿಂದ ಸಾಯುವುದು, ಈ ಮೂರೂ ಕೂಡಿದಾಗ ಮಾತ್ರ ಆ ಹೆಸರು. 2024ರ ಆಗಸ್ಟ್ 1ರಂದು ಎಲ್ ಫಾಶರ್ ಪಕ್ಕದ ಝಮ್‌ಝಮ್ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮವಿದೆ ಎಂದು, ಹಸಿವನ್ನು ಅಳೆಯುವ ಅಂತರರಾಷ್ಟ್ರೀಯ ವ್ಯವಸ್ಥೆಯ ತಜ್ಞರ ಸಮಿತಿ ಖಚಿತಪಡಿಸಿತು. ಅದೇ ವರ್ಷದ ಕೊನೆಯಲ್ಲಿ ಸುಡಾನ್ ಸರ್ಕಾರ ಈ ಮಾಪನ ವ್ಯವಸ್ಥೆಯಿಂದಲೇ ಹೊರನಡೆಯಿತು.

ಝಮ್‌ಝಮ್‌ಗೆ ಆಹಾರ ಹೋಗಲು ಅತಿ ಅನುಕೂಲದ ದಾರಿ ಚಾಡ್ ಗಡಿಯ ಅದ್ರೆ ಎಂಬ ಊರಿನದು. 2024ರ ಫೆಬ್ರವರಿಯಲ್ಲಿ ಬುರ್ಹಾನ್ ಸರ್ಕಾರ ಆ ದಾರಿಯನ್ನು ಪರಿಹಾರಕ್ಕೆ ಮುಚ್ಚಿತು. ಆಯುಧಗಳೂ ಅದೇ ದಾರಿಯಲ್ಲಿ ಶತ್ರುವಿಗೆ ಹೋಗುತ್ತಿವೆ ಎಂಬುದು ಅವರ ಕಾರಣ. ಆ ಆತಂಕ ಪೂರಾ ಸುಳ್ಳೂ ಅಲ್ಲ. ಬದಲಿಗೆ ತಿನೆ ಎಂಬ ಇನ್ನೊಂದು ಗಡಿಯನ್ನು ತೋರಿಸಿದರು. ಜೂನ್‌ನಲ್ಲಿ ಮಳೆ ಶುರುವಾದರೆ ಡಾರ್ಫರ್‌ನ ಹಳ್ಳಗಳು ತುಂಬಿ ಹರಿಯುತ್ತವೆ, ಅಲ್ಲಿನ ಭಾಷೆಯಲ್ಲಿ ವಾದಿ ಎನ್ನುತ್ತಾರೆ. ಅವುಗಳಿಗೆ ಸೇತುವೆಗಳು ತೀರಾ ಕಡಿಮೆ. ತಿನೆ ದಾರಿ ಕೆಸರಿನಲ್ಲಿ ಹೂತುಹೋಯಿತು. ಅದ್ರೆ ಮತ್ತೆ ತೆರೆದದ್ದು ಆಗಸ್ಟ್ ನಡುವಿನಲ್ಲಿ, ಕ್ಷಾಮ ಎಂದು ಸಾರಿ ಎರಡು ವಾರ ಕಳೆದ ಮೇಲೆ. ಫೆಬ್ರವರಿಯಿಂದ ಮೇವರೆಗಿನ ಒಣ ದಾರಿಯ ತಿಂಗಳುಗಳೆಲ್ಲ ವ್ಯರ್ಥವಾಗಿದ್ದವು.

ವಿಶ್ವಸಂಸ್ಥೆ ಗೇಟು ಮುರಿದು ಒಳಗೆ ಹೋಗಬಾರದಿತ್ತೇ ಎಂದು ನಿಮಗೆ ಅನಿಸಬಹುದು. 1991ರಲ್ಲಿ ಮಹಾಸಭೆ ಪರಿಹಾರದ ನಿಯಮಗಳನ್ನು ಹಾಕಿದಾಗ, ನೆರವು ಆಯಾ ದೇಶದ ಒಪ್ಪಿಗೆಯಿಂದ ನಡೆಯಬೇಕು ಎಂದು ಬರೆಯಿತು. ವಿಶ್ವಸಂಸ್ಥೆಯ ಲೆಕ್ಕದಲ್ಲಿ ಸುಡಾನಿನ ಸರ್ಕಾರ ಎಂದರೆ ಬುರ್ಹಾನ್ ಸರ್ಕಾರ. ಆದ್ದರಿಂದ ಆರ್‌ಎಸ್‌ಎಫ್ ಹಿಡಿತದಲ್ಲಿರುವ ಊರಿಗೆ ಹೋಗಲೂ ಆ ಸರ್ಕಾರದ ಅಧಿಕಾರಿಯ ಸಹಿ ಬೇಕು. ಆಮೇಲೆ ಆರ್‌ಎಸ್‌ಎಫ್ ತಾನೇ ಕಟ್ಟಿಕೊಂಡ ಪರಿಹಾರ ಇಲಾಖೆಯ ಸಹಿಯೂ ಬೇಕು. ಕಾರಣವಿಲ್ಲದೆ ಒಪ್ಪಿಗೆ ತಡೆಹಿಡಿಯುವುದು ಯುದ್ಧದ ಕಾನೂನಿಗೆ ವಿರುದ್ಧ. ಆದರೆ ಕಾರಣವಿಲ್ಲ ಎಂದು ತೀರ್ಮಾನಿಸುವವರು ಯಾರು, ತೀರ್ಮಾನಿಸಿ ಜಾರಿ ಮಾಡುವವರು ಯಾರು? ಸಿರಿಯಾದಲ್ಲಿ 2014ರ ಜುಲೈನಲ್ಲಿ ಭದ್ರತಾ ಮಂಡಳಿ ಒಂದು ದಾರಿ ಕಂಡುಕೊಂಡಿತು. ಸರ್ಕಾರದ ಒಪ್ಪಿಗೆ ಇಲ್ಲದೆಯೇ ನಾಲ್ಕು ಗಡಿಗಳಿಂದ ನೆರವು ಹೋಗಬಹುದೆಂದು ಠರಾವು ಮಾಡಿತು. ನಾಲ್ಕು ಎರಡಾಯಿತು, ಎರಡು ಒಂದಾಯಿತು, 2023ರ ಜುಲೈನಲ್ಲಿ ರಷ್ಯಾದ ವಿಟೊದಿಂದ ಅದೂ ನಿಂತಿತು. ಆದರೂ ಒಂಬತ್ತು ವರ್ಷ ಅದು ಲಕ್ಷಾಂತರ ಜನರ ಹೊಟ್ಟೆಗೆ ಹಾಕಿತು. ಸುಡಾನ್‌ಗೆ ಅಂಥ ಠರಾವು ಬರಲೇ ಇಲ್ಲ. ನನಗೆ ಅತಿ ಹೆಚ್ಚು ನೋವು ಕೊಡುವ ಸೋಲು ಇದೇ.

ಕಾಗದ ಸಿಕ್ಕರೂ ಮುಗಿಯಲಿಲ್ಲ. ಬೇರೊಂದು ದೇಶದ ಗಡಿಯಲ್ಲಿ ನಾನು ಹನ್ನೊಂದು ದಿನ ಲಾರಿಗಳ ಜೊತೆ ಕಾದಿದ್ದೇನೆ. ಪರವಾನಗಿ ಇತ್ತು, ಚಾಲಕರಲ್ಲಿ ಇಬ್ಬರ ಹೆಸರಿನ ಕಾಗುಣಿತ ಬೇರೆ ಇತ್ತು ಅಷ್ಟೇ. ಅಪೌಷ್ಟಿಕ ಮಕ್ಕಳಿಗೆ ಕೊಡುವ ಶೇಂಗಾ ಪೇಸ್ಟಿನ ಪೊಟ್ಟಣಗಳು ಹಿಂದಿನ ಲಾರಿಯಲ್ಲಿದ್ದವು. ಬಿಸಿಲಿಗೆ ಅವು ಕೆಡುವ ಮೊದಲು ಗೇಟು ತೆರೆಯಲಿ ಎಂದು ದಿನಾ ಬೆಳಿಗ್ಗೆ ಕೈಯಿಟ್ಟು ನೋಡುತ್ತಿದ್ದೆ. ಸುಡಾನಿನಲ್ಲಿ ಇದಕ್ಕಿಂತ ಕೆಟ್ಟದ್ದು ನಡೆದಿದೆ. 2025ರ ಜೂನ್ 2ರ ರಾತ್ರಿ, ಕೆಂಪು ಸಮುದ್ರದ ಬಂದರು ಪೋರ್ಟ್ ಸುಡಾನ್‌ನಿಂದ 1,800 ಕಿಲೋಮೀಟರ್ ದಾಟಿ ಬಂದ 15 ಲಾರಿಗಳು ಎಲ್ ಫಾಶರ್ ಹತ್ತಿರದ ಅಲ್ ಕೋಮಾದಲ್ಲಿ ಮುಂದಿನ ಅಪ್ಪಣೆಗಾಗಿ ನಿಂತಿದ್ದವು. ದಾಳಿಯಲ್ಲಿ ಐವರು ಸತ್ತರು, ಲಾರಿಗಳು ಸುಟ್ಟವು. ಎರಡೂ ಕಡೆಯವರಿಗೆ ಆ ಲಾರಿಗಳು ಎಲ್ಲಿವೆ ಎಂದು ಮೊದಲೇ ತಿಳಿಸಲಾಗಿತ್ತು.

ಎಲ್ ಫಾಶರ್ ಒಂದೂವರೆ ವರ್ಷ ಮುತ್ತಿಗೆಯಲ್ಲಿತ್ತು. ಮುತ್ತಿಗೆ ತೆಗೆಯಿರಿ ಎಂದು ಭದ್ರತಾ ಮಂಡಳಿ 2024ರ ಜೂನ್‌ನಲ್ಲೇ ಠರಾವು ಮಾಡಿತ್ತು. ಆರ್‌ಎಸ್‌ಎಫ್ ತೆಗೆಯಲಿಲ್ಲ, ಊರಿನ ಸುತ್ತ ಮಣ್ಣಿನ ದಿಬ್ಬ ಎಬ್ಬಿಸಿತು. ಅದು ಉಪಗ್ರಹ ಚಿತ್ರಗಳಲ್ಲಿ ದಿನದಿಂದ ದಿನಕ್ಕೆ ಬೆಳೆಯುವುದನ್ನು ಇಡೀ ಜಗತ್ತು ನೋಡಿತು. ಒಳಗಿನ ಜನ ಅಂಬಾಜ್ ತಿಂದರು, ಅಂದರೆ ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾ ಹಿಂಡಿ. ದನಕ್ಕೆ ಹಾಕುವ ಹಿಂಡಿ. 2025ರ ಅಕ್ಟೋಬರ್ 26ರಂದು ಊರು ಆರ್‌ಎಸ್‌ಎಫ್ ಕೈಗೆ ಹೋಯಿತು. ಸೌದಿ ಹೆರಿಗೆ ಆಸ್ಪತ್ರೆಯೊಂದರಲ್ಲೇ 460ಕ್ಕೂ ಹೆಚ್ಚು ಜನರನ್ನು ಕೊಂದ ವರದಿಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು.

ಈಗ ನಿಮ್ಮ ತಮ್ಮನ ಮಾತಿಗೆ ಬರುತ್ತೇನೆ. ಅವರು ಹೇಳುವುದರಲ್ಲಿ ಸತ್ಯದ ಒಂದು ಪಾಲಿದೆ. ಲೂಟಿಯಾಗುತ್ತದೆ. ಚೆಕ್‌ಪೋಸ್ಟಿನಲ್ಲಿ ಸುಂಕ ಕೀಳುತ್ತಾರೆ. ಯಾವ ಊರಿಗೆ ಮೊದಲು ಹೋಗಬೇಕೆಂದು ಕಮಾಂಡರ್ ಒತ್ತಾಯ ಹಾಕುತ್ತಾನೆ. ನನ್ನ ಕೆಲಸದಲ್ಲಿ ಇದೆಲ್ಲ ಕಂಡಿದ್ದೇನೆ. ಆದರೆ ಅಲ್ಲಿಂದ ಅವರು ಮಾಡುವ ತೀರ್ಮಾನ ತಪ್ಪು. ಈ ಯುದ್ಧ ಜೋಳದ ಮೂಟೆಯಿಂದ ನಡೆಯುತ್ತಿಲ್ಲ, ಚಿನ್ನದಿಂದ ಮತ್ತು ಹೊರಗಿನ ಹಣದಿಂದ ನಡೆಯುತ್ತಿದೆ. ಆಹಾರ ನಿಲ್ಲಿಸಿದರೆ ಬಂದೂಕು ಹಿಡಿದವನು ಹಸಿಯುವುದಿಲ್ಲ, ಅವನು ಕಿತ್ತುಕೊಂಡು ತಿನ್ನುತ್ತಾನೆ. ಆಹಾರ ಕಡಿಮೆಯಾದಷ್ಟೂ ಅದರ ಬೆಲೆ ಏರುತ್ತದೆ, ಬೆಲೆ ಏರಿದಷ್ಟೂ ಲೂಟಿಗೆ ಲಾಭ. ಊರಿನಲ್ಲಿ ಧಾನ್ಯ ಧಾರಾಳವಾಗಿದ್ದರೆ ಮೂಟೆ ಕದ್ದು ಮಾರುವುದರಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಇನ್ನೊಂದು ಮಾತೂ ಇದೆ. ಹಸಿದ ಮನೆಯ ಹದಿನೇಳು ವರ್ಷದ ಹುಡುಗನಿಗೆ ಊಟ ಹಾಕುವ ಒಂದೇ ಜಾಗ ಪಡೆಯ ಶಿಬಿರವಾದರೆ ಅವನು ಅಲ್ಲಿಗೇ ಹೋಗುತ್ತಾನೆ.

ಹಣದ ಕೊರತೆ ಇನ್ನೊಂದು ಗಾಯ. 2025ಕ್ಕೆ ಸುಡಾನಿನೊಳಗಿನ ಕೆಲಸಕ್ಕೆ ವಿಶ್ವಸಂಸ್ಥೆ ಕೇಳಿದ್ದು ಸುಮಾರು 420 ಕೋಟಿ ಡಾಲರ್. ನೆರವು ಬೇಕಾದವರು 3 ಕೋಟಿ ಜನ, ದೇಶದ ಅರ್ಧಕ್ಕಿಂತ ಹೆಚ್ಚು. ಮನೆ ಬಿಟ್ಟವರು ಒಂದು ಹಂತದಲ್ಲಿ 1.2 ಕೋಟಿ ದಾಟಿದ್ದರು. ಬಂದ ಹಣ ಕೇಳಿದ್ದರ ಅರ್ಧವನ್ನೂ ಮುಟ್ಟಲಿಲ್ಲ. ಅತಿ ಹೆಚ್ಚು ಕೊಡುತ್ತಿದ್ದ ಅಮೆರಿಕ 2025ರ ಜನವರಿಯಲ್ಲಿ ವಿದೇಶಿ ನೆರವನ್ನು ಏಕಾಏಕಿ ತಡೆಹಿಡಿದಾಗ ಮೊದಲ ಪೆಟ್ಟು ಬಿದ್ದದ್ದು ಬೀದಿ ಅಡುಗೆಮನೆಗಳಿಗೆ.

ಈ ಅಡುಗೆಮನೆಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯ ಅತ್ಯಂತ ಗಟ್ಟಿ ಉತ್ತರ ಅಲ್ಲಿದೆ. ಯುದ್ಧ ಶುರುವಾದ ಒಂದೆರಡು ವಾರದಲ್ಲೇ ವಿದೇಶಿ ಸಂಸ್ಥೆಗಳ ಬಹುತೇಕರು ಖಾರ್ಟೂಮ್ ಬಿಟ್ಟರು. ಮೊದಲ ದಿನವೇ ಉತ್ತರ ಡಾರ್ಫರ್‌ನ ಕಬ್ಕಾಬಿಯಾದಲ್ಲಿ ವಿಶ್ವ ಆಹಾರ ಕಾರ್ಯಕ್ರಮದ ಮೂವರು ನೌಕರರು ಸತ್ತಿದ್ದರು. ಆಗ ಉಳಿದವರು ಬೀದಿಯ ಹುಡುಗ ಹುಡುಗಿಯರು. 2019ರಲ್ಲಿ ಬಶೀರ್ ವಿರುದ್ಧ ಮೆರವಣಿಗೆ ನಡೆಸಿದ್ದ ಮೊಹಲ್ಲಾ ಸಮಿತಿಗಳೇ ತುರ್ತು ಸ್ಪಂದನಾ ಕೊಠಡಿಗಳಾದವು. ಯಾರ ಮನೆಯಲ್ಲಿ ಇನ್ಸುಲಿನ್ ಬೇಕು, ಯಾವ ಬಾವಿಯ ಪಂಪು ಕೆಟ್ಟಿದೆ, ಯಾವ ರಸ್ತೆಯಲ್ಲಿ ಅಡಗಿ ಗುಂಡು ಹಾರಿಸುವವನು ಕೂತಿದ್ದಾನೆ ಎಂಬುದು ಅವರಿಗೆ ಗೊತ್ತು. ತಕಾಯಾ ಎಂಬ ಸಾಮೂಹಿಕ ಅಡುಗೆ ಅಲ್ಲಿನ ಹಳೆಯ ಪದ್ಧತಿ, ದೊಡ್ಡ ಹಂಡೆಯಲ್ಲಿ ಬೇಳೆಯೋ ಹುರುಳಿಯಂಥ ಕಾಳೋ ಬೇಯಿಸಿ ಸಾಲಿನಲ್ಲಿ ಬಂದವರಿಗೆಲ್ಲ ಹಾಕುವುದು. ಇವರಿಗೆ ಲಾರಿ ಬೇಡ, ಮುದ್ರೆ ಬೇಡ. ಹಣ ಬೇಕು. ಬಂಕಕ್ ಎಂಬ ಬ್ಯಾಂಕ್ ಆ್ಯಪಿನಲ್ಲಿ ಹಣ ಬಂದರೆ ಊರಿನ ವ್ಯಾಪಾರಿಯಿಂದ ಧಾನ್ಯ ಕೊಳ್ಳುತ್ತಾರೆ, ಮಧ್ಯಾಹ್ನಕ್ಕೆ ಹಂಡೆ ಏರುತ್ತದೆ. ಮುತ್ತಿಗೆಯೊಳಗೂ ವ್ಯಾಪಾರಿ ಹೇಗೋ ಸರಕು ತರುತ್ತಾನೆ, ವಿಶ್ವಸಂಸ್ಥೆಯ ಲಾರಿ ಬರಲಾಗದ ಕಡೆಗೂ. 2025ರಲ್ಲಿ ಇವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಅದೇ ವರ್ಷದ ಆರಂಭದಲ್ಲಿ ಅಮೆರಿಕದ ಹಣ ನಿಂತು ಇವರ ಸಾವಿರದಷ್ಟು ಅಡುಗೆಮನೆಗಳು ಒಲೆ ಆರಿಸಿದ್ದವು.

ಇಲ್ಲೂ ಅಪಾಯ ಇದೆ. ಒಂದು ಕಡೆಯವರು ಊರು ಹಿಡಿದಾಗ, ಆ ತನಕ ಇನ್ನೊಂದು ಕಡೆಯ ಆಳ್ವಿಕೆಯಲ್ಲಿ ಅಡುಗೆ ಮಾಡಿದ ಸ್ವಯಂಸೇವಕರನ್ನು ಶತ್ರುವಿನ ಏಜೆಂಟರು ಎಂದು ಎಳೆದೊಯ್ಯುತ್ತಾರೆ. ಇದನ್ನು ಎರಡೂ ಪಡೆಗಳು ಮಾಡಿವೆ. ದೊಡ್ಡ ದಾನಿಗಳು ಪ್ರತಿ ರಸೀದಿ, ಪ್ರತಿ ಹೆಸರು, ಪ್ರತಿ ಫೋಟೊ ಕೇಳಿದಾಗ ಆ ಹೆಸರುಗಳ ಪಟ್ಟಿಯೇ ಪ್ರಾಣಕ್ಕೆ ಕುತ್ತಾಗಬಹುದು. ಲೆಕ್ಕ ಬೇಕು, ನಿಜ. ಆದರೆ ಲೆಕ್ಕದ ಪುಸ್ತಕದಿಂದ ಯಾರೂ ಸಾಯಬಾರದು.

ಊಟ ಹಾಕುತ್ತಲೇ ಇದ್ದರೆ ಯುದ್ಧ ನಿಲ್ಲುವುದಿಲ್ಲ ಎಂಬುದನ್ನೂ ಒಪ್ಪುತ್ತೇನೆ. ನಿಲ್ಲಿಸಲು ಏನು ಮಾಡಬಹುದು? ಕದನ ವಿರಾಮದ ಪ್ರಯತ್ನಗಳು ಮೊದಲ ತಿಂಗಳಿನಿಂದಲೂ ನಡೆದಿವೆ. 2023ರ ಮೇ 11ರಂದು ಸೌದಿಯ ಜೆಡ್ಡಾದಲ್ಲಿ ಎರಡು ಕಡೆಯವರೂ ಜನರನ್ನು ಕಾಪಾಡುತ್ತೇವೆ ಎಂದು ಸಹಿ ಹಾಕಿದರು, ಪಾಲಿಸಲಿಲ್ಲ. 2025ರ ಸೆಪ್ಟೆಂಬರ್ 12ರಂದು ಅಮೆರಿಕ, ಸೌದಿ, ಈಜಿಪ್ಟ್ ಮತ್ತು ಯುಎಇ ಸೇರಿ ಮೂರು ತಿಂಗಳ ಮಾನವೀಯ ವಿರಾಮ, ಆಮೇಲೆ ಕಾಯಂ ಕದನ ವಿರಾಮ, ಆಮೇಲೆ ನಾಗರಿಕ ಆಡಳಿತದತ್ತ ಒಂಬತ್ತು ತಿಂಗಳ ದಾರಿ ಎಂಬ ಯೋಜನೆ ಮುಂದಿಟ್ಟವು. ಎಲ್ ಫಾಶರ್ ಹಿಡಿದ ಮೇಲೆ ಆರ್‌ಎಸ್‌ಎಫ್ ಒಪ್ಪುತ್ತೇನೆ ಎಂದಿತು, ಸೇನೆ ಒಪ್ಪಲಿಲ್ಲ. ಬೇಕಾದ ಊರು ಕೈಗೆ ಬಂದಾಗ ವಿರಾಮ ಒಪ್ಪುವುದು ಸುಲಭ. ಆ ಮೂರು ತಿಂಗಳಲ್ಲಿ ಎದುರಾಳಿ ಆಯುಧ ತುಂಬಿಕೊಳ್ಳುತ್ತಾನೆ ಎಂಬ ಭಯವೂ ಸುಳ್ಳಲ್ಲ. ಆದರೂ ಆ ನಾಲ್ಕು ದೇಶಗಳ ಗುಂಪಿನ ಬಗ್ಗೆ ನನಗೆ ಒಂದು ಸಣ್ಣ ಆಸೆ ಇದೆ, ಅದಕ್ಕೆ ಕಾರಣ ಅವರ ಶಾಂತಿಪ್ರೀತಿಯಲ್ಲ. ಯುದ್ಧದ ಸರಬರಾಜನ್ನು ನಿಲ್ಲಿಸಬಲ್ಲವರು ಆ ಮೇಜಿನಲ್ಲೇ ಇದ್ದಾರೆ.

ಸರಬರಾಜು ಎಂದಾಗ ಇದನ್ನೂ ತಿಳಿದುಕೊಳ್ಳಿ. ಸುಡಾನಿನ ಮೇಲೆ ವಿಶ್ವಸಂಸ್ಥೆಯ ಶಸ್ತ್ರಾಸ್ತ್ರ ನಿರ್ಬಂಧ 2004ರಿಂದಲೇ ಇದೆ, ಆದರೆ ಅದು ಡಾರ್ಫರ್‌ಗೆ ಮಾತ್ರ. ಪೋರ್ಟ್ ಸುಡಾನ್‌ನಲ್ಲಿ ಇಳಿದ ಆಯುಧ ಕಾನೂನಿನ ಪ್ರಕಾರವೇ ಬರುತ್ತದೆ, ಡಾರ್ಫರ್ ಗಡಿ ದಾಟಿದಾಗ ಮಾತ್ರ ಅಪರಾಧವಾಗುತ್ತದೆ. ಇದನ್ನು ಇಡೀ ದೇಶಕ್ಕೆ ವಿಸ್ತರಿಸಬೇಕು ಎಂಬುದು ಹಲವರ ಒತ್ತಾಯ, ನನ್ನದೂ. ಅಡ್ಡಿಗಳು ದೊಡ್ಡವು. ದೇಶದ ಸೇನೆಗೂ ಆಯುಧ ಬೇಡ ಎಂದಂತಾಗುತ್ತದೆ ಎಂದು ಬುರ್ಹಾನ್ ಸರ್ಕಾರ ಕೂಗುತ್ತದೆ, ವಿಟೊ ಮತ್ತೆ ಏಳುತ್ತದೆ, ಲಿಬಿಯಾ ಮತ್ತು ಚಾಡ್‌ನ ಮರಳುಗಾಡಿನ ಗಡಿಗಳನ್ನು ಕಾಯುವವರು ಯಾರೂ ಇಲ್ಲ. ಇರುವ ನಿರ್ಬಂಧವನ್ನೇ ಮುರಿದವರಿಗೆ ಇದುವರೆಗೆ ಹೇಳಿಕೊಳ್ಳುವಂಥ ಬೆಲೆ ತೆರಬೇಕಾಗಿ ಬಂದಿಲ್ಲ. ಹಾಗಿದ್ದರೂ, ಆಯುಧ ಕೊಡುವ ದೇಶಕ್ಕೆ ಮುಜುಗರ ಮತ್ತು ನಷ್ಟ ಆಗುವಂತೆ ಮಾಡದೆ ಬೇರೆ ಯಾವ ದಾರಿಯೂ ನನಗೆ ಕಾಣುತ್ತಿಲ್ಲ.

ನ್ಯಾಯಾಲಯಗಳು ನಿಧಾನ. ಡಾರ್ಫರ್ ವಿಷಯವನ್ನು ಭದ್ರತಾ ಮಂಡಳಿ 2005ರಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಒಪ್ಪಿಸಿತು. ಮೊದಲ ತೀರ್ಪು ಬಂದದ್ದು 2025ರ ಅಕ್ಟೋಬರ್ 6ರಂದು, ಜಂಜಾವೀದ್ ನಾಯಕ ಅಲಿ ಕುಶಾಯ್ಬ್ ತಪ್ಪಿತಸ್ಥ ಎಂದು. ಇಪ್ಪತ್ತು ವರ್ಷಗಳ ಕೆಲಸ. ತೀರ್ಪಿನ ಇಪ್ಪತ್ತನೇ ದಿನ, ಅದೇ ಜಂಜಾವೀದ್‌ನಿಂದ ಬೆಳೆದ ಪಡೆ ಎಲ್ ಫಾಶರ್‌ಗೆ ನುಗ್ಗಿತು. ಯುಎಇ ವಿರುದ್ಧ ಸುಡಾನ್ ಹೂಡಿದ ಜನಾಂಗಹತ್ಯೆಯ ಮೊಕದ್ದಮೆಯನ್ನು ಇನ್ನೊಂದು ನ್ಯಾಯಾಲಯ, ಅಂತರರಾಷ್ಟ್ರೀಯ ನ್ಯಾಯಾಲಯ, 2025ರ ಮೇ 5ರಂದು ಕೈಬಿಟ್ಟಿತು. ಜನಾಂಗಹತ್ಯೆ ತಡೆಯುವ ಒಪ್ಪಂದಕ್ಕೆ ಸೇರುವಾಗಲೇ ಆ ನ್ಯಾಯಾಲಯದ ಅಧಿಕಾರವನ್ನು ಯುಎಇ ಒಪ್ಪಿರಲಿಲ್ಲ ಎಂಬ ಕಾರಣಕ್ಕೆ. ಆರೋಪ ಸುಳ್ಳು ಎಂದು ನ್ಯಾಯಾಲಯ ಹೇಳಲಿಲ್ಲ, ವಿಚಾರಣೆಗೇ ಹೋಗಲಿಲ್ಲ.

ನಿಮ್ಮ 50,000 ರೂಪಾಯಿಯ ವಿಷಯ. ಅರ್ಧವನ್ನು ಡಾರ್ಫರ್‌ನಲ್ಲಿ ಈಗಲೂ ಆಸ್ಪತ್ರೆ ನಡೆಸುತ್ತಿರುವ ದೊಡ್ಡ ವೈದ್ಯಕೀಯ ಅಥವಾ ಆಹಾರ ಸಂಸ್ಥೆಗೆ ಕೊಡಿ ಎನ್ನುತ್ತೇನೆ. ಸುಡಾನಿಗೇ ಎಂದು ಬರೆದು ಕೊಡಬಹುದೇ ಎಂದು ಕೇಳಿ. ಇನ್ನರ್ಧವನ್ನು ಅಡುಗೆಮನೆಗಳಿಗೆ ಕೊಡುವುದಾದರೆ, ಆ ತುರ್ತು ಸ್ಪಂದನಾ ಕೊಠಡಿಗಳೊಂದಿಗೆ ಲಿಖಿತ ಒಪ್ಪಂದ ಇರುವ ನೋಂದಾಯಿತ ಸಂಸ್ಥೆಯ ಮೂಲಕವೇ ಕೊಡಿ. ಹಣ ಬ್ಯಾಂಕಿನ ದಾರಿಯಲ್ಲಿ, ದಾಖಲೆ ಸಹಿತ ಹೋಗಲಿ. ತಡವಾಗುತ್ತದೆ ಎಂದು ಹವಾಲಾ ಹಿಡಿಯಬೇಡಿ, ನಿಮಗೂ ತೊಂದರೆ, ಆ ಹುಡುಗಿಗೂ ತೊಂದರೆ. ಬಟ್ಟೆ, ಔಷಧ, ಅಕ್ಕಿ ಕಟ್ಟಿ ಕಳಿಸಬೇಡಿ. ಅದು ಬಂದರಿನಲ್ಲೇ ಉಳಿಯುತ್ತದೆ.

ಇನ್ನು ಅತ್ತೆ. ಎಲ್ ಫಾಶರ್‌ನಿಂದ ತಪ್ಪಿಸಿಕೊಂಡವರಲ್ಲಿ ಬಹಳ ಮಂದಿ ಸುಮಾರು 60 ಕಿಲೋಮೀಟರ್ ನಡೆದು ತವಿಲಾ ಎಂಬ ಊರು ಸೇರಿದ್ದಾರೆ. ಇನ್ನಷ್ಟು ಜನ ಚಾಡ್‌ಗೆ ಹೋಗಿದ್ದಾರೆ. ಫೋನ್ ಕಿತ್ತುಕೊಂಡಿರುತ್ತಾರೆ, ಮೊಬೈಲ್ ಜಾಲ ಇರುವುದಿಲ್ಲ, ಉಪಗ್ರಹ ಇಂಟರ್ನೆಟ್ ಇರುವ ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಮಾತ್ರ ಕರೆ. ಆದ್ದರಿಂದ ತಿಂಗಳುಗಟ್ಟಲೆ ಸುದ್ದಿ ಇಲ್ಲ ಎಂದರೆ ಸತ್ತಿದ್ದಾರೆ ಎಂದು ಅರ್ಥವಲ್ಲ. ಬದುಕಿದ್ದಾರೆ ಎಂದು ಭರವಸೆ ಕೊಡಲೂ ನನ್ನಿಂದ ಆಗದು, ನೀವೂ ಕೊಡಬೇಡಿ. ರೆಡ್‌ಕ್ರಾಸ್‌ಗೆ ಯುದ್ಧದಲ್ಲಿ ಬೇರೆಯಾದ ಕುಟುಂಬಗಳನ್ನು ಹುಡುಕಿ ಸೇರಿಸುವ ಒಂದು ಸೇವೆ ಇದೆ, ಅದಕ್ಕೆ ದುಡ್ಡಿಲ್ಲ. ಭಾರತೀಯ ರೆಡ್‌ಕ್ರಾಸ್ ಸೊಸೈಟಿಯ ಮೂಲಕ ಅರ್ಜಿ ಹಾಕಬಹುದು, ಸುಡಾನಿನ ರೆಡ್ ಕ್ರೆಸೆಂಟ್ ಮತ್ತು ಚಾಡ್‌ನ ರೆಡ್‌ಕ್ರಾಸ್‌ನವರು ಅಲ್ಲಿಂದ ಹುಡುಕುತ್ತಾರೆ. ಅರ್ಜಿಯಲ್ಲಿ ಅತ್ತೆಯ ಹೆಸರು, ಅವರ ತಂದೆಯ ಹೆಸರು, ತಾತನ ಹೆಸರು ಮೂರೂ ಇರಲಿ. ಅಲ್ಲಿ ಮನೆತನದ ಹೆಸರಿನ ಪದ್ಧತಿ ಇಲ್ಲ, ಈ ಸರಪಳಿಯೇ ಗುರುತು. ಅರಬ್ಬಿ ಅಕ್ಷರದಲ್ಲಿ ಹುಡುಗಿಯೇ ಬರೆಯಲಿ, ಇಂಗ್ಲಿಷಿನಲ್ಲಿ ಒಂದೇ ಹೆಸರು ನಾಲ್ಕು ಥರ ಆಗುತ್ತದೆ. ತಾಯಿಯ ಹೆಸರು, ಅಂದಾಜು ವಯಸ್ಸು, ಕೊನೆಯ ಬಾರಿ ಇದ್ದ ಬಡಾವಣೆ, ಜೊತೆಗಿದ್ದ ಮಕ್ಕಳ ಹೆಸರುಗಳೂ ಬೇಕು.

ಅತ್ತೆಯ ಫೋಟೊ ಹಾಕಿ, ಕೆಳಗೆ ಫೋನ್ ನಂಬರ್ ಬರೆದು ಎಲ್ಲೆಡೆ ಹಂಚುವುದನ್ನು ತಡೆಯಿರಿ. ಎಲ್ ಫಾಶರ್‌ನಿಂದ ಓಡಿದವರನ್ನು ದಾರಿಯಲ್ಲಿ ಹಿಡಿದು ಒತ್ತೆಹಣ ಕೇಳಿದ ಪ್ರಕರಣಗಳು ನಡೆದಿವೆ. ಸಂಬಂಧವಿಲ್ಲದ ಮೋಸಗಾರರೂ ಕರೆ ಮಾಡುತ್ತಾರೆ. ಅತ್ತೆ ನಮ್ಮ ಬಳಿ ಇದ್ದಾರೆ ಎಂದು ಯಾರಾದರೂ ಹೇಳಿದರೆ ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆಯನ್ನು ಹುಡುಗಿ ಕೇಳಲಿ. ಅತ್ತೆಗೆ ಅವಳ ಯಾವ ನಂಬರ್ ಬಾಯಿಪಾಠ ಇತ್ತು ಎಂದು ಇವತ್ತೇ ವಿಚಾರಿಸಿ. ಅದು ಹಳೆಯ ಸಿಮ್ ಆಗಿದ್ದರೆ ಹುಡುಕಿ ತೆಗೆದು, ರೀಚಾರ್ಜ್ ಮಾಡಿಸಿ, ಒಂದು ಫೋನಿನಲ್ಲಿ ಹಾಕಿ ಸದಾ ಚಾಲೂ ಇಡಿ.